ಅಮೆರಿಕದಲ್ಲಿದ್ದೀರಿ, ಹಾಡು ಮಂಡ್ಯದಲ್ಲಿ ಕೇಳಿಸುತ್ತಿದೆ: ರಾಯಲ್ಟಿಗೆ ಯಾವ ಸಂಸ್ಥೆ ಸೇರಬೇಕು?

ಇಲ್ಲಿ ಸಾಮಾನ್ಯವಾಗಿ 401ಕೆ, ಎನ್‌ಆರ್‌ಒ ಖಾತೆ, ಊರಿನ ಸೈಟು ಮಾರಿದರೆ ಎಷ್ಟು ಟ್ಯಾಕ್ಸ್ ಅಂತ ಬರೆಯುತ್ತಿರುತ್ತೇನೆ. ಈ ಸಲ ಸ್ವಲ್ಪ ಬೇರೆ ಥರದ ಆಸ್ತಿ. ಈಚೆಗೆ ಮೂವರು ಓದುಗರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದ್ದಾರೆ. ಮೂವರೂ ಹಗಲು ಸಾಫ್ಟ್‌ವೇರ್, ರಾತ್ರಿ ಕೀಬೋರ್ಡು. ಒಬ್ಬರು ಕನ್ನಡ ಧಾರಾವಾಹಿಗೆ ಟೈಟಲ್ ಟ್ರ್ಯಾಕ್ ಮಾಡಿದ್ದಾರೆ, ಇನ್ನೊಬ್ಬರದು ಎರಡು ಭಾವಗೀತೆ ಆಲ್ಬಂ, ಮತ್ತೊಬ್ಬರು ಕಿರುಚಿತ್ರಗಳಿಗೆ ಹಿನ್ನೆಲೆ ಸಂಗೀತ ಕೊಡುತ್ತಾರೆ. ಪ್ರಶ್ನೆ: ಆಸ್ಕ್ಯಾಪ್ ಸೇರಲೋ, ಬಿಎಂಐ ಸೇರಲೋ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆ ಎರಡರಲ್ಲಿ ಯಾವುದು ಅನ್ನುವುದು ಎರಡನೇ ಪ್ರಶ್ನೆ. ನೀವಿರುವ ದೇಶದ ಸಂಸ್ಥೆಯನ್ನೇ ಸೇರಬೇಕೆಂಬ ನಿಯಮ ಎಲ್ಲೂ ಇಲ್ಲ. ನಿಮ್ಮ ಸಂಗೀತಕ್ಕೆ ಕಿವಿಗಳು ಎಲ್ಲಿವೆ ಅನ್ನುವುದು ಮೊದಲು. ಕನ್ನಡದಲ್ಲೇ ಸಂಗೀತ ಮಾಡುವ ಹೆಚ್ಚಿನವರಿಗೆ ಆ ಕಿವಿಗಳು ಕರ್ನಾಟಕದಲ್ಲಿವೆ. ಹಾಗಾಗಿ ಮೊದಲು ಪರಿಶೀಲಿಸಬೇಕಾದ ಹೆಸರು ಮುಂಬೈಯ ಐಪಿಆರ್‌ಎಸ್, ಅಂದರೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ. "ಅಯ್ಯೋ, ಇಂಡಿಯಾದಲ್ಲಿ ಯಾರು ಕೊಡ್ತಾರೆ ಸಾರ್" ಅಂತ ನಗುವವರು ಹತ್ತು ವರ್ಷ ಹಿಂದಿನ ಸುದ್ದಿ ಇಟ್ಟುಕೊಂಡು ನಗುತ್ತಿದ್ದಾರೆ.

ಗೊತ್ತಿಲ್ಲದವರಿಗೆ ಒಂದು ಮಾತು. ರೇಡಿಯೊ, ಟಿವಿ, ಹೋಟೆಲ್, ಸ್ಟ್ರೀಮಿಂಗ್ ಆ್ಯಪ್, ಸಭಾಂಗಣ, ಎಲ್ಲಿ ಹಾಡು ಸಾರ್ವಜನಿಕವಾಗಿ ಕೇಳಿಸಿದರೂ ರಾಗ ಹಾಕಿದವರಿಗೆ, ಸಾಹಿತ್ಯ ಬರೆದವರಿಗೆ ಹಣ ಸಲ್ಲಬೇಕು. ಒಬ್ಬೊಬ್ಬರೇ ಹೋಗಿ ವಸೂಲಿ ಮಾಡಲಾಗದು, ಅದಕ್ಕೇ ಸಂಸ್ಥೆಗಳು. ಅಮೆರಿಕದಲ್ಲಿ ಆಸ್ಕ್ಯಾಪ್ (1914), ಬಿಎಂಐ (1939), ಜೊತೆಗೆ ಕರೆದರೆ ಮಾತ್ರ ಸೇರಬಹುದಾದ ಸೆಸ್ಯಾಕ್ ಮತ್ತು ಜಿಎಂಆರ್. ಬ್ರಿಟನ್‌ನಲ್ಲಿ ಪಿಆರ್‌ಎಸ್, ಕೆನಡಾದಲ್ಲಿ ಸೋಕ್ಯಾನ್, ಜರ್ಮನಿಯಲ್ಲಿ ಗೇಮಾ, ಆಸ್ಟ್ರೇಲಿಯಾದಲ್ಲಿ ಆಪ್ರಾ ಆಮ್ಕೋಸ್, ಸಿಂಗಪುರದಲ್ಲಿ ಕಂಪಾಸ್. ಗಲ್ಫ್‌ನಲ್ಲಿ ಈ ವ್ಯವಸ್ಥೆ ಈಗಷ್ಟೇ ಕಣ್ಣು ಬಿಡುತ್ತಿದೆ. ಒಂದು ದೇಶದ ಮಟ್ಟಿಗೆ ಒಂದೇ ಸಂಸ್ಥೆಯಲ್ಲಿ ಇರಬೇಕು. ಸಾಮಾನ್ಯವಾಗಿ ಒಂದನ್ನು ಸೇರಿದರೆ ಅದು ಇಡೀ ಪ್ರಪಂಚಕ್ಕೆ ನಿಮ್ಮ ಪರವಾಗಿ ನಿಲ್ಲುತ್ತದೆ, ಬೇರೆ ದೇಶದ ಹಣ ಅಲ್ಲಿನ ಸಹೋದರ ಸಂಸ್ಥೆಯ ಮೂಲಕ ಬರುತ್ತದೆ.

ಈ "ಮೂಲಕ" ಅನ್ನುವ ಪದದಲ್ಲೇ ಹಣ ಸೋರುವುದು. ನೀವು ಆಸ್ಕ್ಯಾಪ್ ಸದಸ್ಯರು, ಹಾಡು ಬೆಂಗಳೂರಿನ ಎಫ್‌ಎಂನಲ್ಲಿ ಬಂತು ಅಂದುಕೊಳ್ಳಿ. ಐಪಿಆರ್‌ಎಸ್ ತನ್ನ ಖರ್ಚು ಕಳೆದು ಉಳಿದಿದ್ದನ್ನು ಕಳಿಸುತ್ತದೆ, ನಿಮ್ಮ ಹೆಸರು, ಕೃತಿಯ ಹೆಸರು ಎರಡೂ ಕಡೆಯ ದಾಖಲೆಯಲ್ಲಿ ಹೊಂದಬೇಕು, ಆಮೇಲೆ ಇಲ್ಲಿ ಇನ್ನೊಂದು ಸುತ್ತು ಲೆಕ್ಕ. ಕನ್ನಡ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯುವ ನಮಗೆ ಹೊಂದಾಣಿಕೆಯ ತೊಂದರೆ ಏನೆಂದು ಹೇಳಬೇಕಾಗಿಲ್ಲ. ಮೊತ್ತ ದೊಡ್ಡದಿದ್ದರೆ ಈ ಸುತ್ತು ತಡೆದುಕೊಳ್ಳಬಹುದು. ಚಿಕ್ಕದಿದ್ದರೆ ದಾರಿಯಲ್ಲೇ ಕರಗುತ್ತದೆ.

ಇನ್ನೊಂದು ವ್ಯತ್ಯಾಸ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಆಸ್ಕ್ಯಾಪ್, ಬಿಎಂಐ ನೋಡಿಕೊಳ್ಳುವುದು ಪ್ರದರ್ಶನದ ಹಕ್ಕನ್ನು ಮಾತ್ರ. ಹಾಡಿನ ಪ್ರತಿ ಮಾಡುವುದಕ್ಕೆ ಸಲ್ಲುವ "ಮೆಕ್ಯಾನಿಕಲ್" ರಾಯಲ್ಟಿ ಬೇರೆ. ಅಮೆರಿಕದ ಸ್ಟ್ರೀಮಿಂಗ್‌ಗೆ ಅದನ್ನು 2021ರಿಂದ ಎಂಎಲ್‌ಸಿ ವಸೂಲಿ ಮಾಡುತ್ತದೆ, ಅಲ್ಲಿ ಬೇರೆಯಾಗಿ ನೋಂದಾಯಿಸಬೇಕು. ಐಪಿಆರ್‌ಎಸ್, ಗೇಮಾ ಎರಡನ್ನೂ ಒಟ್ಟಿಗೆ ನೋಡಿಕೊಳ್ಳುತ್ತವೆ. ಅಂದರೆ ಆಸ್ಕ್ಯಾಪ್ ಸದಸ್ಯತ್ವ ಒಂದನ್ನೇ ನಂಬಿ ಕೂತರೆ ಭಾರತದ ಮೆಕ್ಯಾನಿಕಲ್ ಹಣಕ್ಕೆ ಕೇಳುವವರೇ ಇರುವುದಿಲ್ಲ. ನೀವೇ ಹಾಡುವವರೂ ಆಗಿದ್ದರೆ ಸೌಂಡ್‌ಎಕ್ಸ್‌ಚೇಂಜ್ ಮೂರನೆಯದು. ಅಮೆರಿಕದ ಡಿಜಿಟಲ್ ರೇಡಿಯೊದಿಂದ ಬಂದ ಹಣದಲ್ಲಿ 50% ರೆಕಾರ್ಡಿಂಗ್ ಮಾಲೀಕರಿಗೆ, 45% ಮುಖ್ಯ ಗಾಯಕರಿಗೆ, 5% ಪಕ್ಕವಾದ್ಯದವರಿಗೆ, ಸಹಗಾಯಕರಿಗೆ. ಮಾಮೂಲಿ ಎಎಂ, ಎಫ್‌ಎಂ ರೇಡಿಯೊ ಮಾತ್ರ ಅಮೆರಿಕದಲ್ಲಿ ಗಾಯಕರಿಗೆ ಕಾಸು ಕೊಡುವುದಿಲ್ಲ, ಸಂಯೋಜಕರಿಗೆ ಮಾತ್ರ.

ಈಗ ಭಾರತದ ಕಾನೂನು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಮ್ಮವರ ಹಣ ಕಳೆದುಹೋಗುವುದು ಸಂಸ್ಥೆ ಆರಿಸುವಾಗಲ್ಲ, ಒಪ್ಪಂದಕ್ಕೆ ಸಹಿ ಹಾಕುವಾಗ.

1977ರಲ್ಲಿ ಸುಪ್ರೀಂ ಕೋರ್ಟ್ ಐಪಿಆರ್‌ಎಸ್ ವಿರುದ್ಧ ತೀರ್ಪು ಕೊಟ್ಟಿತು. ಸಿನಿಮಾಕ್ಕೆ ಹಾಡು ಮಾಡಿಸಿಕೊಂಡ ನಿರ್ಮಾಪಕನೇ ಅದರ ಯಜಮಾನ, ಬೇರೆ ಒಪ್ಪಂದ ಇಲ್ಲದಿದ್ದರೆ ಸಂಯೋಜಕನಿಗೆ ಏನೂ ಉಳಿಯುವುದಿಲ್ಲ ಅನ್ನುವುದು ಅದರ ಸಾರ. ಮೂರೂವರೆ ದಶಕ ಹಾಗೇ ನಡೆಯಿತು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಪಟ್ಟು ಹಿಡಿದು ಮಾತಾಡಿದ 2012ರ ತಿದ್ದುಪಡಿ ಅದನ್ನು ಬದಲಿಸಿತು. ಈಗ ನೀವು ಕಾಪಿರೈಟನ್ನೇ ಮಾರಿದರೂ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೆ ಅಥವಾ ಇಂಥ ಸಂಸ್ಥೆಗೆ ಮಾತ್ರ ಕೊಡಬಹುದು. ಅದಕ್ಕೆ ವಿರುದ್ಧವಾದ ಒಪ್ಪಂದ ಅಸಿಂಧು. ಐಪಿಆರ್‌ಎಸ್ 2017ರ ಕೊನೆಯಲ್ಲಿ ಹೊಸ ಕಾನೂನಿನಡಿ ಮತ್ತೆ ನೋಂದಣಿಯಾಯಿತು. 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್, ಎಫ್‌ಎಂ ರೇಡಿಯೊಗಳು ಹಾಡಿನ ರೆಕಾರ್ಡಿಂಗ್ ಪ್ರಸಾರ ಮಾಡಿದಾಗ ರಾಗ, ಸಾಹಿತ್ಯ ರಚಿಸಿದವರಿಗೂ ರಾಯಲ್ಟಿ ಸಲ್ಲಬೇಕು ಎಂದಿತು.

ಟೈಟಲ್ ಟ್ರ್ಯಾಕ್ ಮಾಡಿದ ಓದುಗರು ತಮಗೆ ಬಂದ ಕರಾರಿನ ಪ್ರತಿ ಕಳಿಸಿದ್ದರು. ಕಂಪನಿಯ ಹೆಸರು ಬೇಡ. ಒಂದೇ ಸಲ ಒಂದು ಮೊತ್ತ, ಆಮೇಲೆ "ಸಕಲ ಹಕ್ಕುಗಳೂ, ಸಕಲ ದೇಶಗಳಲ್ಲೂ, ಶಾಶ್ವತವಾಗಿ". ಅಷ್ಟೇ ಆಗಿದ್ದರೆ 2012ರ ಕಾನೂನು ಕಾಯುತ್ತಿತ್ತು. ಕೊನೆಯ ಪುಟದಲ್ಲಿ, ಈ ಕರಾರು ಅಮೆರಿಕದ ಒಂದು ರಾಜ್ಯದ ಕಾನೂನಿಗೆ ಒಳಪಟ್ಟಿದೆ, ಕೆಲಸ "ವರ್ಕ್ ಮೇಡ್ ಫಾರ್ ಹೈರ್" ಅಂತ ಇತ್ತು. ಸಂಯೋಜಕರು ಅಮೆರಿಕದಲ್ಲಿದ್ದಾರೆ ಅನ್ನುವ ನೆಪದಲ್ಲಿ ಸೇರಿಸಿದ ಸಾಲು. ನಾನು ವಕೀಲನಲ್ಲ, ಆದರೆ ಆ ಸಾಲು ತೆಗೆಸದೆ ಸಹಿ ಹಾಕಬೇಡಿ ಅಂದೆ. ಧಾರಾವಾಹಿ ವಾರಕ್ಕೆ ಐದಾರು ದಿನ, ವರ್ಷಗಟ್ಟಲೆ ಬರುತ್ತದೆ. ಪ್ರತಿ ಸಂಚಿಕೆಯಲ್ಲೂ ಟೈಟಲ್ ಟ್ರ್ಯಾಕ್ ಇರುತ್ತದೆ. ಒಂದು ಸಂಚಿಕೆಗೆ ಸಿಗುವುದು ಚಿಲ್ಲರೆಯೇ ಇರಬಹುದು, ಹನಿಹನಿಗೂಡಿದರೆ ಹಳ್ಳ. ಕರಾರಿನ ಜೊತೆಗೆ ಕ್ಯೂ ಶೀಟ್ ಕೇಳಿ: ಯಾವ ಸಂಗೀತ, ಎಷ್ಟು ಸೆಕೆಂಡು, ಯಾರದು ಎಂಬ ಪಟ್ಟಿ. ಟಿವಿಯ ಲೆಕ್ಕ ನಿಲ್ಲುವುದು ಅದರ ಮೇಲೆ.

ಸಿನಿಮಾ ಸಂಗೀತದವರಿಗೆ ಒಂದು ವಿಚಿತ್ರ. ಚಿತ್ರಮಂದಿರದಲ್ಲಿ ಸಿನಿಮಾ ಜೊತೆ ಕೇಳಿಸಿದ ಹಾಡಿಗೆ ಭಾರತದ ಈ ಸಮಪಾಲಿನ ನಿಯಮ ಅನ್ವಯಿಸುವುದಿಲ್ಲ. ಅಮೆರಿಕದಲ್ಲೂ 1948ರ ಒಂದು ಕೋರ್ಟ್ ತೀರ್ಪಿನಿಂದ ಈಚೆಗೆ ಥಿಯೇಟರ್‌ಗಳಿಂದ ಆಸ್ಕ್ಯಾಪ್ ಈ ಹಣ ವಸೂಲಿ ಮಾಡುವುದಿಲ್ಲ. ಬ್ರಿಟನ್, ಜರ್ಮನಿಯಲ್ಲಿ ಮಾತ್ರ ಚಿತ್ರಮಂದಿರಗಳು ಸಂಗೀತಕ್ಕೆ ಶುಲ್ಕ ಕಟ್ಟುತ್ತವೆ. ಲಂಡನ್ನಿನಲ್ಲೋ ಮ್ಯೂನಿಕ್‌ನಲ್ಲೋ ಕನ್ನಡ ಚಿತ್ರ ತೆರೆಕಂಡರೆ ಅಲ್ಲಿನ ಸಂಸ್ಥೆಗೆ ನಿಮ್ಮ ಕೃತಿಯ ದಾಖಲೆ ತಲುಪಿದೆಯೇ ನೋಡಿಕೊಳ್ಳಿ.

ಹಾಗಾದರೆ ಆಸ್ಕ್ಯಾಪ್, ಬಿಎಂಐ ಯಾರಿಗೆ? ಅಮೆರಿಕದ ಜಾಹೀರಾತು, ಗೇಮ್, ಟಿವಿ, ಲೈಬ್ರರಿ ಸಂಗೀತ ಮಾಡುವವರಿಗೆ. ಇಲ್ಲಿ ವೇದಿಕೆ ಕಾರ್ಯಕ್ರಮ ಕೊಡುವವರಿಗೂ ಹೌದು. ಪರವಾನಗಿ ಇರುವ ಸಭಾಂಗಣದಲ್ಲಿ ನಿಮ್ಮದೇ ರಚನೆ ಹಾಡಿದರೆ ಆಸ್ಕ್ಯಾಪ್ ಆನ್‌ಸ್ಟೇಜ್ ಅಥವಾ ಬಿಎಂಐ ಲೈವ್‌ನಲ್ಲಿ ಹಾಡಿನ ಪಟ್ಟಿ ಸಲ್ಲಿಸಬಹುದು. ಕನ್ನಡ ಸಂಘದ ಕಾರ್ಯಕ್ರಮದ ಮಾರನೇ ದಿನ ಇದನ್ನು ಮಾಡುವವರನ್ನು ನಾನಂತೂ ಕಂಡಿಲ್ಲ. (ದೇವಸ್ಥಾನದ ಪೂಜೆಯಲ್ಲಿ ಹಾಡಿದ ಭಜನೆಗೆ ಕಾಸು ಹುಟ್ಟುವುದಿಲ್ಲ, ಅಮೆರಿಕದ ಕಾನೂನಿನಲ್ಲಿ ಅದಕ್ಕೆ ವಿನಾಯಿತಿ ಇದೆ.) ಎರಡರ ನಡುವೆ ಆರಿಸುವುದಾದರೆ ನನ್ನ ಒಲವು ಆಸ್ಕ್ಯಾಪ್ ಕಡೆ. ಬಿಎಂಐಯನ್ನು 2024ರ ಫೆಬ್ರವರಿಯಲ್ಲಿ ನ್ಯೂ ಮೌಂಟನ್ ಕ್ಯಾಪಿಟಲ್ ಎಂಬ ಪ್ರೈವೇಟ್ ಇಕ್ವಿಟಿ ಸಂಸ್ಥೆ ಕೊಂಡಿತು. ಮಾರಾಟದ ಹಣದಲ್ಲಿ 10 ಕೋಟಿ ಡಾಲರನ್ನು ಸಂಗೀತಗಾರರಿಗೆ, ಪ್ರಕಾಶಕರಿಗೆ ಹಂಚಿದರು, ನಿಜ. ಆದರೆ ಲಾಭಕ್ಕಾಗಿ ಕೊಂಡವರು ಲಾಭ ತೆಗೆಯಲೇಬೇಕು, ಅದು ಬರುವುದು ವಸೂಲಿಯ ಹಣದಿಂದಲೇ. ಆಸ್ಕ್ಯಾಪ್ ಇಂದಿಗೂ ಸದಸ್ಯರದ್ದೇ. ಬಿಎಂಐ ಪರವಾಗಿ ಒಂದು ಮಾತು: ಪ್ರಕಾಶಕರಿಲ್ಲದವರಿಗೆ ಅಲ್ಲಿ ಪ್ರಕಾಶಕರ ಅರ್ಧವೂ ನೇರವಾಗಿ ಕೈಗೆ ಬರುತ್ತದೆ. ಆಸ್ಕ್ಯಾಪ್‌ನಲ್ಲಿ ಪ್ರಕಾಶಕರ ಸದಸ್ಯತ್ವ ಬೇರೆ. ಸೇರುವ ಶುಲ್ಕ ನೋಡಿ ನಿರ್ಧರಿಸುವುದು ಮಾತ್ರ ಬ್ಯಾಂಕು ಕೊಡುವ ಕ್ಯಾಲೆಂಡರ್ ನೋಡಿ ಖಾತೆ ತೆರೆದ ಹಾಗೆ.

ಭಾವಗೀತೆಯವರಿಗೆ ಬೇರೆ ಎಚ್ಚರಿಕೆ. ಭಾರತದಲ್ಲಿ ಕಾಪಿರೈಟ್ ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಬೇಂದ್ರೆ ತೀರಿಕೊಂಡಿದ್ದು 1981ರಲ್ಲಿ, ಕುವೆಂಪು 1994ರಲ್ಲಿ. ಅವರ ಪದ್ಯಗಳಿಗೆ ಕ್ರಮವಾಗಿ 2041, 2054ರ ಕೊನೆಯವರೆಗೆ ಅನುಮತಿ ಬೇಕು, ನೋಂದಣಿಯಲ್ಲಿ ಸಾಹಿತ್ಯದ ಪಾಲು ಹಕ್ಕುದಾರರ ಹೆಸರಿನಲ್ಲೇ ಇರಬೇಕು. ಇಡೀ ಹಾಡನ್ನು ತಮ್ಮ ಹೆಸರಿಗೇ ನೋಂದಾಯಿಸಿಕೊಳ್ಳುವುದನ್ನು ನೋಡಿದ್ದೇನೆ, ಅದು ಕಳ್ಳತನವೇ. ವಚನ, ದಾಸರ ಪದಗಳಿಗೆ ಈ ಕಟ್ಟು ಇಲ್ಲ. ನಿಮ್ಮದೇ ಹೊಸ ರಾಗವಾಗಿದ್ದರೆ ರಾಗ ನಿಮ್ಮದು.

ಇನ್ನು ಟ್ಯಾಕ್ಸ್. ಅನಿವಾಸಿಗೆ ಕೊಡುವ ರಾಯಲ್ಟಿಯ ಮೇಲೆ ಭಾರತದಲ್ಲಿ 2023ರಿಂದ ದರ 20%, ಅದರ ಮೇಲೆ ಸೆಸ್. ತೆರಿಗೆ ಒಪ್ಪಂದದ ದರ ಅಮೆರಿಕ, ಬ್ರಿಟನ್, ಕೆನಡಾದವರಿಗೆ 15%, ಜರ್ಮನಿ, ಸಿಂಗಪುರ, ಯುಎಇಯವರಿಗೆ 10%. ಅದು ಸಿಗಬೇಕಾದರೆ ನೀವಿರುವ ದೇಶದ ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟನ್ನು ಮೊದಲೇ ಕೊಟ್ಟಿರಬೇಕು. ಅಮೆರಿಕದಲ್ಲಿರುವವರು ಭಾರತದಲ್ಲಿ ಮುರಿದುಕೊಂಡಿದ್ದಕ್ಕೆ ಫಾರಿನ್ ಟ್ಯಾಕ್ಸ್ ಕ್ರೆಡಿಟ್ ಪಡೆಯಬಹುದು. ಆದರೆ ಸಂಗೀತ ನಿಮ್ಮ ವೃತ್ತಿ ಅಥವಾ ಉಪವೃತ್ತಿಯಾಗಿದ್ದರೆ ಈ ಆದಾಯ ಶೆಡ್ಯೂಲ್ ಸಿಗೆ ಹೋಗುತ್ತದೆ, ಅದರ ಮೇಲೆ 15.3% ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ ಬೀಳುತ್ತದೆ, ಅದಕ್ಕೆ ಆ ಕ್ರೆಡಿಟ್ ನಡೆಯುವುದಿಲ್ಲ. ಹಣ ಬಂದು ಬೀಳುವ ಭಾರತದ ಖಾತೆ ನಿಮ್ಮ ಎಫ್‌ಬಾರ್ ಲೆಕ್ಕಕ್ಕೂ ಸೇರುತ್ತದೆ. ಎಚ್‌-1ಬಿಯಲ್ಲಿರುವವರು ಹೊಸ ಕೆಲಸಕ್ಕೆ ಸಂಭಾವನೆ ಒಪ್ಪಿಕೊಳ್ಳುವ ಮುನ್ನ ಇಮಿಗ್ರೇಶನ್ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ಹಳೆಯ ಹಾಡಿನ ರಾಯಲ್ಟಿ ಬೇರೆ, ಇಲ್ಲೇ ಕೂತು ದುಡಿಯುವುದು ಬೇರೆ.

ಈಗಾಗಲೇ ಆಸ್ಕ್ಯಾಪ್‌ನಲ್ಲೋ ಪಿಆರ್‌ಎಸ್‌ನಲ್ಲೋ ಇದ್ದು, ಇದನ್ನು ಓದಿ ತಕ್ಷಣ ಬಿಟ್ಟು ಬರಬೇಡಿ. ಭಾರತವನ್ನು ಮಾತ್ರ ಸದಸ್ಯತ್ವದಿಂದ ಹೊರಗಿಟ್ಟು ಅಷ್ಟಕ್ಕೆ ಐಪಿಆರ್‌ಎಸ್ ಸೇರಲು ಬರುತ್ತದೆಯೇ ಎಂದು ಎರಡೂ ಕಡೆಗೆ ಇಮೇಲ್ ಬರೆದು ಕೇಳಿ, ಉತ್ತರವನ್ನು ಜೋಪಾನವಾಗಿಡಿ. ಹಳೆಯ ಕಡೆಯಿಂದ ಬಿಡುಗಡೆಯ ಪತ್ರ ಬರುವ ಮೊದಲು ಹೊಸ ಕಡೆ ಸಹಿ ಹಾಕಿದರೆ ಒಂದೇ ಹಾಡಿಗೆ ಇಬ್ಬರು ಹಕ್ಕು ಹೇಳಿದಂತಾಗುತ್ತದೆ, ತಗಾದೆ ಮುಗಿಯುವ ತನಕ ಹಣ ಇಬ್ಬರ ಹತ್ತಿರವೂ ನಿಂತುಬಿಡಬಹುದು. ನಿಮ್ಮ ಐಪಿಐ ಸಂಖ್ಯೆ ಮಾತ್ರ ಸಂಸ್ಥೆ ಬದಲಾದರೂ ಅದೇ ಇರುತ್ತದೆ, ಹೊಸ ಅರ್ಜಿಯಲ್ಲಿ ಅದನ್ನೇ ಬರೆಯಿರಿ. ನಾಮಿನಿಯ ಹೆಸರು ಕೊಡುವ ಜಾಗವಿದ್ದರೆ ಅದನ್ನೂ ಆಗಲೇ ತುಂಬಿ.