ಲೈಸೆನ್ಸ್ ಮುಗಿದರೆ ಆಟವೂ ಮುಗಿಯಬೇಕೇ?

ಐವತ್ತು ವರ್ಷದ ಹಿಂದಿನ ಕಾದಂಬರಿ ಬೇಕೆಂದರೆ ಯಾವುದಾದರೂ ಗ್ರಂಥಾಲಯದ ಕಪಾಟಿನಲ್ಲಿ ಹುಡುಕಬಹುದು. ಹಳೆಯ ಸಿನಿಮಾ ಒಂದಲ್ಲ ಒಂದು ದಿನ ಟಿ.ವಿ.ಯಲ್ಲಿ ಬರುತ್ತದೆ. ಆದರೆ ಮೂವತ್ತು ವರ್ಷದ ಹಿಂದಿನ ವಿಡಿಯೊ ಗೇಮ್ ಒಂದನ್ನು ದುಡ್ಡು ಕೊಟ್ಟು, ನ್ಯಾಯವಾಗಿ ಆಡಬೇಕೆಂದು ಹೊರಟರೆ ಬಹಳಷ್ಟು ಸಲ ಬರಿಗೈಯಲ್ಲಿ ವಾಪಸಾಗಬೇಕು. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಈಗ ಮಾರಾಟದಲ್ಲೇ ಇಲ್ಲ.

ಹಳೆಯ ಆಟವನ್ನು ಈಗ ಯಾರು ಕೇಳುತ್ತಾರೆ ಎನ್ನಬೇಡಿ. ಎಷ್ಟೋ ಆಟಗಳಿಗೆ ಕೇಳುವವರೂ ಇದ್ದಾರೆ, ಕೊಡಲು ಕಂಪನಿಗೆ ಮನಸ್ಸೂ ಇದೆ. ತೊಡಕಿರುವುದು ಕಾಗದಪತ್ರದಲ್ಲಿ.

ನಮ್ಮಲ್ಲಿ ಪಿತ್ರಾರ್ಜಿತ ಜಮೀನು ಮಾರುವಾಗ ಅಣ್ಣ-ತಮ್ಮ, ಅಕ್ಕ-ತಂಗಿ ಎಲ್ಲರ ಸಹಿ ಬೇಕು. ಒಬ್ಬರು ಒಪ್ಪದಿದ್ದರೂ ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ. ವಿಡಿಯೊ ಗೇಮ್ ಕಥೆಯೂ ಹೀಗೆಯೇ. ಕೋಡ್ ಒಬ್ಬರದು, ಪಾತ್ರ ಇನ್ನೊಬ್ಬರದು, ಹಾಡು ಮತ್ತೊಬ್ಬರದು, ಅದರಲ್ಲಿ ಓಡುವ ಕಾರಿನ ಹೆಸರು ಮಗದೊಬ್ಬರದು. ಆಟ ತಯಾರಿಸುವ ಕಂಪನಿ ಇವುಗಳಲ್ಲಿ ಹಲವನ್ನು ಇಷ್ಟು ವರ್ಷಕ್ಕೆಂದು ಬಾಡಿಗೆಗೆ ಪಡೆದಿರುತ್ತದೆ. ಅದೇ ಲೈಸೆನ್ಸ್. ಅವಧಿ ಮುಗಿದು ನವೀಕರಣ ಆಗದಿದ್ದರೆ ಒಂದೋ ಆ ಭಾಗವನ್ನು ಕಿತ್ತುಹಾಕಬೇಕು, ಇಲ್ಲವೇ ಮಾರಾಟವನ್ನೇ ನಿಲ್ಲಿಸಬೇಕು.

ನಿಂಟೆಂಡೊ 1987ರಲ್ಲಿ ಬಾಕ್ಸರ್ ಮೈಕ್ ಟೈಸನ್ ಹೆಸರಿನಲ್ಲಿ 'ಪಂಚ್-ಔಟ್' ಆಟ ತಂದಿತು. ಒಪ್ಪಂದ ಮುಗಿದ ಮೇಲೆ 1990ರಲ್ಲಿ ಅದೇ ಆಟ ಮತ್ತೆ ಬಂದಾಗ ಕೊನೆಯ ಎದುರಾಳಿಯಾಗಿ ಟೈಸನ್ ಇರಲಿಲ್ಲ, 'ಮಿಸ್ಟರ್ ಡ್ರೀಮ್' ಎಂಬ ಕಾಲ್ಪನಿಕ ಬಾಕ್ಸರ್ ಇದ್ದ. ಸೆಗಾ ಕಂಪನಿಯ 'ಕ್ರೇಜಿ ಟ್ಯಾಕ್ಸಿ'ಯ ಮೊದಲ ಆವೃತ್ತಿಯಲ್ಲಿ ಪ್ರಯಾಣಿಕರನ್ನು ಪಿಜ್ಜಾ ಹಟ್, ಕೆಎಫ್‌ಸಿ ಮಳಿಗೆಗಳಿಗೆ ಬಿಡಬೇಕಿತ್ತು. ಹಿನ್ನೆಲೆಯಲ್ಲಿ ದಿ ಆಫ್‌ಸ್ಪ್ರಿಂಗ್ ತಂಡದ ಹಾಡು ಮೊಳಗುತ್ತಿತ್ತು. 2010ರ ಮರುಬಿಡುಗಡೆಯಲ್ಲಿ ಆ ಮಳಿಗೆಗಳೂ ಇಲ್ಲ, ಆ ಹಾಡೂ ಇಲ್ಲ. ಅದೇ ಕಂಪನಿಯ 'ಔಟ್‌ರನ್ ಆನ್‌ಲೈನ್ ಆರ್ಕೇಡ್' ಬಂದದ್ದು 2009ರಲ್ಲಿ. ಫೆರಾರಿ ಕಾರುಗಳ ಲೈಸೆನ್ಸ್ ಮುಗಿದ ಕಾರಣ ಮೂರು ವರ್ಷ ತುಂಬುವ ಮೊದಲೇ ಅದು ಆನ್‌ಲೈನ್ ಮಳಿಗೆಗಳಿಂದ ಮಾಯವಾಯಿತು.

ಜೇಮ್ಸ್ ಬಾಂಡ್ ಆಟ 'ಗೋಲ್ಡನ್‌ಐ 007'ದಂತೂ ದೊಡ್ಡ ಕಥೆ. 1997ರಲ್ಲಿ ನಿಂಟೆಂಡೊ 64 ಕನ್ಸೋಲ್‌ಗೆ ಬಂದ ಇದರ 80 ಲಕ್ಷದಷ್ಟು ಪ್ರತಿ ಮಾರಾಟವಾದವು. ರೂಪಿಸಿದ್ದು ರೇರ್ ಎಂಬ ಬ್ರಿಟಿಷ್ ಸಂಸ್ಥೆ, ಪ್ರಕಟಿಸಿದ್ದು ನಿಂಟೆಂಡೊ, ಬಾಂಡ್ ಪಾತ್ರದ ಹಕ್ಕು ಸಿನಿಮಾದವರ ಕೈಯಲ್ಲಿ. 2002ರಲ್ಲಿ ರೇರ್ ಸಂಸ್ಥೆಯನ್ನು ನಿಂಟೆಂಡೊದ ಪ್ರತಿಸ್ಪರ್ಧಿ ಮೈಕ್ರೊಸಾಫ್ಟ್ ಕೊಂಡಿತು. ಇಷ್ಟೂ ಜನ ಒಂದೇ ಮೇಜಿಗೆ ಬಂದು ಮೂಲ ಆಟವನ್ನು ಮತ್ತೆ ಬಿಡುಗಡೆ ಮಾಡುವಾಗ 2023ರ ಜನವರಿ ಆಗಿತ್ತು. ಅಷ್ಟು ಜನಪ್ರಿಯ ಆಟಕ್ಕೇ ಇಪ್ಪತ್ತೈದು ವರ್ಷ ಬೇಕಾಯಿತು ಎಂದಾದರೆ, ಸಣ್ಣಪುಟ್ಟ ಆಟಗಳ ಪರವಾಗಿ ವಕೀಲರ ಫೀಸು ಕಟ್ಟುವವರು ಯಾರು?

ಹಕ್ಕು ಇದ್ದವರು ಅದನ್ನು ಕಾಪಾಡಿಕೊಳ್ಳುವುದು ತಪ್ಪೇ ಎಂದು ಕೇಳಬಹುದು. ಖಂಡಿತ ತಪ್ಪಲ್ಲ. ಹಾಡು ಕಟ್ಟಿದವನಿಗೆ ದುಡ್ಡು ಸಿಗಬೇಕು. ತನ್ನ ಹೆಸರು ಎಲ್ಲಿ ಕಾಣಬೇಕು ಎಂದು ನಿರ್ಧರಿಸುವ ಅಧಿಕಾರ ಕಾರು ಕಂಪನಿಗೆ ಇದೆ. ನನ್ನ ತಕರಾರು ಇರುವುದು ಮಾರಾಟ ನಿಂತ ನಂತರದ ಸ್ಥಿತಿಯ ಬಗ್ಗೆ. ಪುಸ್ತಕದ ಮಾರಾಟ ನಿಂತರೆ ಗ್ರಂಥಾಲಯದ ಪ್ರತಿ ಉಳಿಯುತ್ತದೆ. ಆಟಕ್ಕೆ ಆ ಭಾಗ್ಯವಿಲ್ಲ. ಮಾರಾಟದಲ್ಲಿಲ್ಲದ ಹಳೆಯ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ಬಳಸಲು ಕೊಡುತ್ತೇವೆ, ಅನುಮತಿ ಕೊಡಿ ಎಂದು ಅಲ್ಲಿನ ಗ್ರಂಥಾಲಯಗಳ ಪರವಾಗಿ ಕೇಳಿದಾಗ, 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಕಾಪಿರೈಟ್ ಕಚೇರಿ ಒಪ್ಪಲಿಲ್ಲ. ಆಟದ ಉದ್ಯಮದ ಸಂಘವೂ ವಿರೋಧಿಸಿತ್ತು. ಕಂಪನಿಯ ಹೆಸರಿನಲ್ಲಿರುವ ಕೃತಿಗೆ ಅಲ್ಲಿ ಪ್ರಕಟವಾದಂದಿನಿಂದ 95 ವರ್ಷ ಕಾಪಿರೈಟ್. ಅಂದರೆ 1997ರ ಆಟ 2092ರ ಕೊನೆಯವರೆಗೆ ಬೀಗದೊಳಗೆ. ಈಗ ಇಪ್ಪತ್ತರ ಹರೆಯದಲ್ಲಿರುವ ನಾವು ಆಗ ತೊಂಬತ್ತರ ಹತ್ತಿರ ಇರುತ್ತೇವೆ!

'ಅಯ್ಯೋ, ಡೌನ್‌ಲೋಡ್ ಮಾಡಿಕೊಂಡರೆ ಆಯ್ತಪ್ಪ' ಎನ್ನುವ ಗೆಳೆಯರು ನನಗೂ ಇದ್ದಾರೆ. ನಮ್ಮ ಊರುಗಳಿಗೆ ಮಾರಿಯೊ, ಕಾಂಟ್ರಾ ಬಂದದ್ದೇ ನಕಲಿ ಟಿ.ವಿ. ಗೇಮ್‌ಗಳ, ಒಂದರಲ್ಲೇ ನೂರಾರು ಆಟವೆಂದು ಬರೆದಿದ್ದ ಕ್ಯಾಸೆಟ್‌ಗಳ ಮೂಲಕ. ಎಷ್ಟೋ ಆಟಗಳು ಇಂದಿಗೂ ಉಳಿದಿರುವುದು ಹೀಗೆ ನಕಲು ಮಾಡಿದವರಿಂದಲೇ ಎಂಬುದೂ ನಿಜ. ಆದರೆ ಒಂದು ಕಲೆಯ ಇತಿಹಾಸ ಕಳ್ಳ ಪ್ರತಿಗಳ ಮೇಲೆ ನಿಂತಿರುವುದು ಯಾರಿಗೂ ಗೌರವ ತರುವ ಮಾತಲ್ಲ. ಆ ಫೈಲ್ ಅಸಲಿಯೋ, ಯಾರೋ ತಿದ್ದಿದ್ದೋ, ವೈರಸ್ ಇದೆಯೋ ಎಂದು ಹೇಳುವ ಜವಾಬ್ದಾರಿ ಅಲ್ಲಿ ಯಾರಿಗೂ ಇಲ್ಲ.

ಆಗ ಕ್ಯಾಸೆಟ್ ಆದರೂ ಕೈಯಲ್ಲಿ ಇತ್ತು. ಈಗ ಅದೂ ಇಲ್ಲ. ನಿಂಟೆಂಡೊ ತನ್ನ ವೀ ಕನ್ಸೋಲ್‌ನ ಆನ್‌ಲೈನ್ ಮಳಿಗೆಯನ್ನು 2019ರಲ್ಲಿ, ವೀ ಯು ಮತ್ತು 3ಡಿಎಸ್ ಮಳಿಗೆಗಳನ್ನು 2023ರಲ್ಲಿ ಮುಚ್ಚಿತು. ಡಿಜಿಟಲ್ ವಸ್ತು ಮಾರುವವರು ಗ್ರಾಹಕರಿಗೆ ಸಿಗುತ್ತಿರುವುದು ಬರೀ ಲೈಸೆನ್ಸ್ ಎಂದು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು 2025ರಿಂದ ಕ್ಯಾಲಿಫೋರ್ನಿಯಾದಲ್ಲಿ ಜಾರಿಯಾಗಿದೆ. ನಮ್ಮಲ್ಲೂ ಅಂಥದ್ದು ಬೇಕು.

ಇನ್ನೂ ಒಂದು ಕೆಲಸ ಆಗಬೇಕು. ನಮ್ಮ ದೇಶದಲ್ಲಿ ಪ್ರಕಟವಾದ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಡಬೇಕೆಂಬ ಕಾನೂನು 1954ರಲ್ಲೇ ಬಂದಿದೆ. ಆಟಗಳಿಗೂ ಅಂಥ ನಿಯಮ ಯಾಕೆ ಬೇಡ? ಮಾರುವುದು ಬೇಡ, ಒಂದು ಪ್ರತಿ ಇಟ್ಟುಕೊಂಡು ಬಂದವರಿಗೆ ಅಲ್ಲೇ ತೋರಿಸಲಿ. ಅನಿಮೇಶನ್, ಗೇಮಿಂಗ್ ಉದ್ಯಮಕ್ಕೆಂದೇ 2012ರಲ್ಲಿ ನೀತಿ ರೂಪಿಸಿದ ಕರ್ನಾಟಕ ಈ ವಿಷಯದಲ್ಲೂ ಮೊದಲ ಹೆಜ್ಜೆ ಇಡಬಹುದು.

ಬಿ.ಇ. ಓದುತ್ತಿರುವ ನನ್ನಂಥವರಿಗೆ ಇದರಲ್ಲಿ ಸ್ವಂತದ ಪಾಠವೂ ಇದೆ. 1984ರಲ್ಲಿ ಮಾಸ್ಕೋದಲ್ಲಿ 'ಟೆಟ್ರಿಸ್' ಬರೆದ ಅಲೆಕ್ಸಿ ಪಜಿಟ್ನೊವ್‌ಗೆ ಅದರ ರಾಯಧನ ಸಿಗತೊಡಗಿದ್ದು 1996ರಲ್ಲಿ. ಅಲ್ಲಿಯವರೆಗೆ ಬೇರೆಯವರು ಅದರ ಹಕ್ಕಿಗಾಗಿ ಕಿತ್ತಾಡಿದರು. ಕನ್ಸೋಲ್ ಹಕ್ಕು ನಿಂಟೆಂಡೊಗೆ ಸೇರಿದ್ದರಿಂದ 1989ರಲ್ಲಿ ಟೆಂಜೆನ್ ಕಂಪನಿಯ ಟೆಟ್ರಿಸ್ ಮಾರಾಟಕ್ಕೆ ಕೋರ್ಟ್ ತಡೆ ಒಡ್ಡಿತು. ನಾಳೆ ನಮ್ಮಲ್ಲಿ ಹಲವರು ಆಟವನ್ನೋ ಆ್ಯಪನ್ನೋ ಕಟ್ಟುತ್ತೇವೆ. ಆಫರ್ ಲೆಟರ್ ಕೈಗೆ ಬಂದಾಗ ಸಂಬಳದ ಸಾಲು ಓದಿದಷ್ಟೇ ಗಮನದಿಂದ, ಬರೆದ ಕೋಡ್ ಯಾರದಾಗುತ್ತದೆ ಎಂಬ ಸಾಲನ್ನೂ ಓದೋಣ. ಹೊರಗಿನವರ ಹಾಡು, ಹೆಸರು ಬಳಸುವ ಹೊತ್ತು ಬಂದರೆ, ಅವಧಿ ಮುಗಿದ ಮೇಲೆ ಆಟದ ಗತಿಯೇನು ಎಂದು ಸಹಿ ಹಾಕುವ ಮೊದಲೇ ಕೇಳೋಣ. ಆ ಒಂದು ಪ್ರಶ್ನೆಯನ್ನು ಸರಿಯಾದ ಸಮಯಕ್ಕೆ ಕೇಳಿದ್ದರೆ ಇವತ್ತು ಎಷ್ಟೋ ಆಟಗಳು ನಮ್ಮ ಕೈಯಲ್ಲಿ ಇರುತ್ತಿದ್ದವು.