ನೆಗಡಿಗೆ ಮೂಗು ಕೊಯ್ಯಬೇಕೆ?

ಕಾರಟಗಿಯಲ್ಲಿ ಭತ್ತಕ್ಕೆ ಬರವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಪುಣ್ಯದಿಂದ ಊರ ಸುತ್ತ ಗದ್ದೆ, ಊರೊಳಗೆ ಅಕ್ಕಿ ಗಿರಣಿ. ಆದರೆ ಬೇಸಿಗೆಯ ಮಳೆಗಾಳಿಗೆ ಕರೆಂಟು ಹೋಯಿತೆಂದರೆ ಯಾವಾಗ ಬಂದೀತೆಂದು ಹೇಳಬಲ್ಲವರಿಲ್ಲ.

ಪರೀಕ್ಷೆಯ ದಿನಗಳ ಅಂಥದೊಂದು ಸಂಜೆ, ಎಸ್ಸೆಸ್ಸೆಲ್ಸಿ ಓದುವ ಪಕ್ಕದ ಮನೆಯ ಹುಡುಗಿ ಪುಸ್ತಕ ಹಿಡಿದು ಬಂದಳು. ನಮ್ಮ ಎಮರ್ಜೆನ್ಸಿ ಲೈಟು ಒಮ್ಮೆ ಮಿಣುಕಿ ಆರಿತು. ತಟ್ಟಿದರೆ ಹತ್ತುವುದು, ಕೈಬಿಟ್ಟರೆ ಆರುವುದು. ಹುಡುಗಿ ಮೇಣದಬತ್ತಿಯಲ್ಲಿ ಓದಿದಳು.

ಮರುದಿನ ಅಂಗಡಿಗೆ ಒಯ್ದೆ. "ಇದು ಮುಗೀತ್ರಿ ಅಕ್ಕೋರ, ಹೊಸಾದು ತಗೊಳ್ರಿ" ಎಂದ. ಬಿಚ್ಚಿಯೂ ನೋಡಲಿಲ್ಲ! ಮನೆಗೆ ತಂದು ಸ್ಕ್ರೂ ಡ್ರೈವರ್ ಹುಡುಕಿದರೆ ಯಜಮಾನರು, "ವೈರಿನ ಉಸಾಬರಿ ನಿನಗ್ಯಾಕ?" ಎಂದರು. ಆ ಮಾತಿಗೇ ಹಟ ಬಂತು.

ಪ್ಲಗ್ಗಿನಿಂದ ತೆಗೆದು ನಾಲ್ಕು ಸ್ಕ್ರೂ ಬಿಚ್ಚಿದೆ. ಒಳಗೆ 6 ವೋಲ್ಟಿನ ಮುಚ್ಚಿದ ಬ್ಯಾಟರಿ, ಅದಕ್ಕೆ ಎರಡು ಕಿವಿ. ಕೆಂಪು ವೈರು ಒಂದಕ್ಕೆ, ಕಪ್ಪು ಇನ್ನೊಂದಕ್ಕೆ, ತಗಡಿನ ಕ್ಲಿಪ್ಪಿನಿಂದ ಸಿಕ್ಕಿಕೊಂಡಿರುತ್ತವೆ. ಕೆಂಪು ವೈರಿನ ಕ್ಲಿಪ್ಪು ಹಸಿರು ಪುಡಿ ಹಿಡಿದು ಸಡಿಲಾಗಿತ್ತು. ವೈರು ಎರಡೇ ಎಳೆಯಲ್ಲಿ ಜೋತಾಡುತ್ತಿತ್ತು. ರೋಗ ಇಷ್ಟೇ! ಬ್ಯಾಟರಿಯ ಕಿವಿಯನ್ನು ಅಡುಗೆ ಸೋಡಾದ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸಿದೆ. ಬೈಕಿನ ವೈರಿಂಗ್ ಮಾಡುವ ಹುಡುಗ ಐದು ರೂಪಾಯಿಗೆ ಹೊಸ ಕ್ಲಿಪ್ಪು ಒತ್ತಿಕೊಟ್ಟ. ಕೆಂಪನ್ನು ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಸಿಕ್ಕಿಸಿದೆ. ದೀಪ ಹತ್ತಿತು.

ನನ್ನದು ಬಿ.ಎ., ಬಿ.ಎಡ್. ವಿಜ್ಞಾನ ನನ್ನ ವಿಷಯವಲ್ಲ. ಆದರೆ ಕುಕ್ಕರಿನ ರಬ್ಬರ್ ಸಡಿಲಾದರೆ ನಾವು ಕುಕ್ಕರನ್ನೇ ತಿಪ್ಪೆಗೆ ಎಸೆಯುತ್ತೇವೆಯೇ? ಹೊಲಿಗೆ ಯಂತ್ರದ ಸೂಜಿ ಮುರಿದರೆ ಯಂತ್ರವನ್ನೇ ಮಾರುತ್ತೇವೆಯೇ? ದೀಪದ ವಿಷಯದಲ್ಲಿ ಮಾತ್ರ ನೆಗಡಿ ಬಂದರೆ ಮೂಗನ್ನೇ ಕೊಯ್ದುಕೊಳ್ಳುವ ಬುದ್ಧಿ ಏಕೆ?

ಶಾಕ್ ಹೊಡೆದೀತು ಎಂಬ ಭಯವೆ? ಗೋಡೆಯ ಕರೆಂಟು ಬೇರೆ, ಅದಕ್ಕೆ ಕೈ ಹಾಕಿ ಎನ್ನುವವಳಲ್ಲ ನಾನು. ಪ್ಲಗ್ಗಿನಿಂದ ಬಿಡಿಸಿದ 6 ವೋಲ್ಟಿನ ಬ್ಯಾಟರಿ ಶಾಕ್ ಹೊಡೆಯುವುದಿಲ್ಲ. ಎರಡು ತುದಿಗಳು ಒಂದಕ್ಕೊಂದು ತಾಗಿದರೆ ಮಾತ್ರ ಕಿಡಿ ಹಾರಿ ವೈರು ಸುಟ್ಟೀತು. ಅಷ್ಟು ಎಚ್ಚರ ಒಗ್ಗರಣೆ ಹಾಕುವವರಿಗೆ ಹೇಳಿಕೊಡಬೇಕೆ?

ಅಂಗಡಿಯವನನ್ನೊಬ್ಬನನ್ನೇ ಬೈಯಲಾರೆ. ಐದು ರೂಪಾಯಿಯ ಕ್ಲಿಪ್ಪಿಗೆ ಅರ್ಧ ತಾಸು ಕೂತರೆ ಅವನ ಹೊಟ್ಟೆ ತುಂಬದು. ಸ್ಕ್ರೂ ಇಲ್ಲದಂತೆ ಅಂಟಿಸಿಯೇ ಮಾರುವ ದೀಪಗಳು ಬಂದಿವೆ. 2022ರಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿಗಾಗಿ ಸಮಿತಿ ಮಾಡಿತು. ಹಳೆಯ ಬ್ಯಾಟರಿಗಳ ಹೊಣೆ ತಯಾರಕರದೆಂದು ಅದೇ ವರ್ಷ ನಿಯಮವೂ ಬಂತು. ಆದರೆ ಕೇಳುವವರಿಲ್ಲದ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಬ್ಯಾಟರಿಯೇ ಸತ್ತಿದ್ದರೆ ಅದನ್ನಷ್ಟೇ ಬದಲಿಸಿ, ಹಳೆಯದನ್ನು ಅಂಗಡಿಗೇ ಹಿಂತಿರುಗಿಸಿ. ಅದರೊಳಗಿನ ಸೀಸ ಮಣ್ಣು ಸೇರಿದರೆ ಮಕ್ಕಳ ಮಿದುಳಿಗೆ ವಿಷ.

ನನ್ನ ತಪ್ಪನ್ನೂ ಹೇಳಲೇಬೇಕು. ಪ್ರಯೋಗದ ತಾಸಿನಲ್ಲಿ ಗಂಡು ಹುಡುಗರು ಸೆಲ್ಲಿಗೆ ಬಲ್ಬು ಜೋಡಿಸುವುದನ್ನೂ, ಹೆಣ್ಣು ಹುಡುಗಿಯರು ಅದರ ಚಿತ್ರ ಅಂದವಾಗಿ ಬರೆಯುವುದನ್ನೂ ಬಾಗಿಲಲ್ಲಿ ನಿಂತು ಎಷ್ಟು ವರ್ಷ ನೋಡಿದ್ದೇನೆ! "ಆ ವೈರು ಅವಳ ಕೈಗೂ ಕೊಡ್ರೋ" ಎಂದು ಒಂದು ದಿನವೂ ಅನ್ನಲಿಲ್ಲ. ನಮ್ಮ ಅಂಜಿಕೆ ಹುಟ್ಟಿನಿಂದ ಬಂದದ್ದಲ್ಲ, ನಾವೇ ಶಾಲೆಯಲ್ಲಿ ಕಲಿಸಿದ್ದು.

ಇನ್ನು ಮುಂದೆ ಯಾರಾದರೂ "ಇದು ಮುಗೀತ್ರಿ" ಎಂದರೆ, "ಮೊದಲು ಬಿಚ್ಚಿ ತೋರಸಪ್ಪ" ಎನ್ನಿ. ಅವನು ಬಿಚ್ಚದಿದ್ದರೆ ಮನೆಗೆ ತಂದು ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ನೀವೇ ಬಿಚ್ಚಿ.