ಬ್ಯಾಟರಿ ಕೊಳ್ಳುವಾಗ ದಮ್ಮು ಕೇಳಿ

ಕಾರಿನ ಬ್ಯಾಟರಿ ಕೊಳ್ಳಲು ಹೋದವರು ಅಂಗಡಿಯಲ್ಲಿ ಕೇಳುವುದು ಎರಡೇ ಪ್ರಶ್ನೆ: ರೇಟು ಎಷ್ಟು, ವಾರಂಟಿ ಎಷ್ಟು ತಿಂಗಳು? ಅಂಗಡಿಯವರು ತಾವಾಗಿಯೇ ‘ಇಷ್ಟು ಎಎಚ್’ ಎಂದು ಸೇರಿಸುತ್ತಾರೆ. ಅಲ್ಲಿಗೆ ವ್ಯಾಪಾರ ಮುಗಿಯಿತು. ಬೆಳಗಿನ ಜಾವ ಕೀ ತಿರುಗಿಸಿದಾಗ ಇಂಜಿನ್ ಎತ್ತುತ್ತದೋ ಇಲ್ಲವೋ ಎಂದು ಹೇಳುವ ಅಂಕಿಯನ್ನು ಯಾರೂ ಕೇಳುವುದಿಲ್ಲ. ಅದು ಸಿಸಿಎ, ಅಂದರೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್. ಮೊದಲು ಕೇಳಬೇಕಾದದ್ದೇ ಅದು ಎಂಬುದು ನನ್ನ ವಾದ.

ಅರಸೀಕೆರೆ ಜಂಕ್ಷನ್ನಿನಲ್ಲಿ ನಸುಕಿನ ರೈಲಿನಿಂದ ಇಳಿದು ಹಳೇಬೀಡು, ಬೇಲೂರಿಗೆ ಕಾರು ಹಿಡಿಯುವ ಪ್ರವಾಸಿಗರಿದ್ದಾರೆ. 2023ರಲ್ಲಿ ಆ ಎರಡೂ ಊರಿನ ದೇಗುಲಗಳು ಸೋಮನಾಥಪುರದ ಜೊತೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು. ನನ್ನ ಜೊತೆ ಡಿಗ್ರಿ ಮುಗಿಸಿದ ಕೆಲವರು, ಕೆಲಸ ಸಿಗುವವರೆಗೆ ಇರಲಿ ಎಂದು ಹಳದಿ ಬೋರ್ಡಿನ ಕಾರು ಓಡಿಸುತ್ತಿದ್ದಾರೆ. ಹೆಚ್ಚಿನವು ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿಗಳು. ಸೆಲ್ಫ್ ಎತ್ತದಿದ್ದರೆ ಬಾಡಿಗೆ ಪಕ್ಕದ ಕಾರಿಗೆ ಹೋಯಿತು. ಒಂದು ಬ್ಯಾಟರಿಯ ಹಣ ಅವರಿಗೆ ಹಲವು ದಿನದ ದುಡಿಮೆ.

ಎಎಚ್ ಸುಳ್ಳು ಲೆಕ್ಕವೇನಲ್ಲ. 60 ಎಎಚ್ ಬ್ಯಾಟರಿ 20 ಗಂಟೆ ಕಾಲ 3 ಆಂಪಿಯರ್ ಕೊಡಬಲ್ಲದು ಎಂದರ್ಥ. ಆದರೆ ಸ್ಟಾರ್ಟರ್ ಮೋಟಾರು 3 ಆಂಪಿಯರ್ ಕೇಳುವುದಿಲ್ಲ. ಒಂದೆರಡು ಸೆಕೆಂಡಿನಲ್ಲಿ ನೂರಾರು ಆಂಪಿಯರ್ ಎಳೆಯುತ್ತದೆ. ಸಂಪಿನಲ್ಲಿ ನೀರೆಷ್ಟಿದೆ ಎಂಬುದು ಎಎಚ್, ಪೈಪು ಎಷ್ಟು ದಪ್ಪ ಎಂಬುದು ಸಿಸಿಎ. ಡೀಸೆಲ್ ಇಂಜಿನ್ನಿನಲ್ಲಿ ಗಾಳಿಯನ್ನು ಪೆಟ್ರೋಲ್ ಇಂಜಿನ್ನಿಗಿಂತ ಹೆಚ್ಚು ಒತ್ತಬೇಕು, ಹಾಗಾಗಿ ಅದಕ್ಕೆ ಪೈಪು ಇನ್ನೂ ದಪ್ಪ ಬೇಕು.

ಪಿಯುಸಿ ಭೌತಶಾಸ್ತ್ರದಲ್ಲಿ ಆಂತರಿಕ ರೋಧದ ಲೆಕ್ಕ ಬಿಡಿಸಿದ್ದು ನೆನಪಿದೆಯೇ? ಅಂಕಕ್ಕಾಗಿ ಬಿಡಿಸಿ ಮರೆತ ಆ ಲೆಕ್ಕ ಇರುವುದೇ ಇಲ್ಲಿ. ಎರಡು ಬ್ಯಾಟರಿಗಳಿವೆ, ಸುಮ್ಮನೆ ಮೀಟರ್ ಹಿಡಿದರೆ ಎರಡೂ 12.6 ವೋಲ್ಟ್ ತೋರಿಸುತ್ತವೆ ಎನ್ನಿ. ಒಂದರ ಆಂತರಿಕ ರೋಧ 5 ಮಿಲಿ ಓಮ್, ಇನ್ನೊಂದರದು 15. ಎರಡರಿಂದಲೂ 300 ಆಂಪಿಯರ್ ಎಳೆಯಲು ಹೋದರೆ ಮೊದಲನೆಯದರಲ್ಲಿ 1.5 ವೋಲ್ಟ್ ಬಿದ್ದು 11.1 ಉಳಿಯುತ್ತದೆ. ಎರಡನೆಯದರಲ್ಲಿ 4.5 ಬಿದ್ದು ಉಳಿಯುವುದು 8.1. ಹಾರ್ನ್ ಹೊಡೆಯುತ್ತದೆ, ಲೈಟ್ ಉರಿಯುತ್ತದೆ, ಸೆಲ್ಫ್ ಮಾತ್ರ ‘ಕಟಕಟ’ ಎನ್ನುತ್ತದೆ. ‘ಬ್ಯಾಟರಿ ಚೆನ್ನಾಗೇ ಇದೆಯಲ್ಲ’ ಎಂದು ನಾವು ತಲೆ ಕೆರೆದುಕೊಳ್ಳುತ್ತೇವೆ.

ಇದಕ್ಕೆ ಗೆಳೆಯರ ಆಕ್ಷೇಪ ಒಂದಿದೆ. ಸಿಸಿಎ ಅಳೆಯುವುದು ಮೈನಸ್ 18 ಡಿಗ್ರಿ ಚಳಿಯಲ್ಲಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಆ ಚಳಿಯಲ್ಲಿ 30 ಸೆಕೆಂಡ್ ಕಾಲ 7.2 ವೋಲ್ಟಿಗಿಂತ ಕೆಳಗಿಳಿಯದೆ ಎಷ್ಟು ಆಂಪಿಯರ್ ಕೊಡುತ್ತದೆ ಎಂಬುದು ಎಸ್‌ಎಇ ಪರೀಕ್ಷೆ. ಅರಸೀಕೆರೆಯಲ್ಲಿ ಅಂಥ ಚಳಿ ಎಲ್ಲಿದೆ? ಎಲ್ಲೂ ಇಲ್ಲ, ನಿಜ. ಆದರೆ ಎಲ್ಲ ಬ್ಯಾಟರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಬರೆಸಿದ ಅಂಕ ಅದು. ಹೋಲಿಕೆಗೆ ಅಷ್ಟು ಸಾಕು. ಇನ್ನು ಬ್ಯಾಟರಿಯನ್ನು ಸವೆಸುವುದು ಚಳಿಗಿಂತ ಹೆಚ್ಚಾಗಿ ಸೆಕೆ. ಏಪ್ರಿಲ್ ಬಿಸಿಲಿಗೆ ಬಾನೆಟ್ಟಿನೊಳಗೆ ನೀರು ಆರುತ್ತದೆ, ಪ್ಲೇಟುಗಳು ಕೊರೆದುಹೋಗುತ್ತವೆ, ಆಂತರಿಕ ರೋಧ ಏರುತ್ತದೆ. ಆಗ ಆದ ಹಾನಿ ಡಿಸೆಂಬರಿನ ಮುಂಜಾವದಲ್ಲಿ ಬಯಲಾಗುತ್ತದೆ. ಆರಂಭದಲ್ಲೇ ಸಿಸಿಎ ತುಸು ಹೆಚ್ಚಿದ್ದರೆ ಸವೆಯಲು ಅಷ್ಟು ಜಾಗ ಸಿಕ್ಕಂತೆ.

ಎಷ್ಟು ಇರಬೇಕು? ಕಾರಿನ ಜೊತೆ ಬಂದ ಪುಸ್ತಕದಲ್ಲಿ ಅಥವಾ ಕಂಪನಿ ಹಾಕಿಕೊಟ್ಟ ಮೂಲ ಬ್ಯಾಟರಿಯ ಮೇಲೆ ಬರೆದಿರುವುದಕ್ಕಿಂತ ಕಡಿಮೆ ಇರಬಾರದು. ಹೆಚ್ಚಿದ್ದರೆ ಸ್ಟಾರ್ಟರ್ ಸುಟ್ಟುಹೋಗುತ್ತದೆ ಎನ್ನುವವರಿದ್ದಾರೆ. ಮೋಟಾರು ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ, ಭಯ ಬೇಡ. ಅಂಕಿಯ ಪಕ್ಕ ಎಸ್‌ಎಇ, ಇಎನ್, ಜೆಐಎಸ್ ಎಂದು ಮಾನಕದ ಹೆಸರಿದ್ದರೆ ಒಂದೇ ಮಾನಕದವನ್ನು ಮಾತ್ರ ಹೋಲಿಸಿ. ಬ್ಯಾಟರಿ ತಟ್ಟೆಯಲ್ಲಿ ಕೂರಬೇಕು, ಪ್ಲಸ್ ತುದಿ ಸರಿಯಾದ ಬದಿಗಿರಬೇಕು. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗುವ ಇಂಜಿನ್ ಇದ್ದರೆ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಬೇಕು. ತಯಾರಾದ ತಿಂಗಳು ನೋಡಿ; ಅಂಗಡಿಯಲ್ಲಿ ವರ್ಷ ಕೂತದ್ದು ಹೊಸದಲ್ಲ.

ವಾರಂಟಿ ಬೇಡವೆಂದಲ್ಲ. ‘24+24’ ಎಂದರೆ ಮೊದಲ ಇಪ್ಪತ್ತನಾಲ್ಕು ತಿಂಗಳು ಉಚಿತ ಬದಲಾವಣೆ, ಆಮೇಲಿನದು ಬೆಲೆಯಲ್ಲಿ ರಿಯಾಯಿತಿ ಮಾತ್ರ. ಟ್ಯಾಕ್ಸಿಗೆ ಎಷ್ಟು ತಿಂಗಳು ಎಂಬುದು ಕಾರ್ಡಿನಲ್ಲಿ ಬೇರೆಯೇ ಇರಬಹುದು, ದುಡ್ಡು ಕೊಡುವ ಮೊದಲು ಓದಿ. ಹಳೇಬೀಡಿನಲ್ಲಿ ಪ್ರವಾಸಿಗರು ದೇವಸ್ಥಾನ ನೋಡಿ ಬರುವವರೆಗೆ ಇಂಜಿನ್ ನಿಲ್ಲಿಸಿ ಹಾಡು ಹಾಕಿಕೊಂಡು ಕೂತರೆ ಯಾವ ವಾರಂಟಿಯೂ ಉಪಯೋಗಕ್ಕಿಲ್ಲ. ಸ್ಟಾರ್ಟಿಂಗ್ ಬ್ಯಾಟರಿಯ ತೆಳು ಪ್ಲೇಟುಗಳು ಇರುವುದು ಒಮ್ಮೆಲೇ ಜೋರಾಗಿ ಕೊಡುವುದಕ್ಕೆ, ಗಂಟೆಗಟ್ಟಲೆ ಬರಿದಾಗುವುದಕ್ಕಲ್ಲ.

ಕೊಳ್ಳುವ ಮುನ್ನ ಹಳೆಯದನ್ನೊಮ್ಮೆ ಟೆಸ್ಟ್ ಮಾಡಿಸಿ. ಇಂಜಿನ್ ಓಡುವಾಗ ಮೀಟರ್ 13.8ರಿಂದ 14.4 ವೋಲ್ಟ್ ಆಸುಪಾಸಿನಲ್ಲಿ ಇಲ್ಲದಿದ್ದರೆ ತೊಂದರೆ ಡೈನಮೋದಲ್ಲಿರಬಹುದು. ಟರ್ಮಿನಲ್ಲಿನ ಮೇಲೆ ಹಸಿರು ಪುಡಿ ಕಟ್ಟಿದ್ದರೆ ಅದನ್ನು ಉಜ್ಜಿ ತೆಗೆದು ಇನ್ನೊಮ್ಮೆ ಸೆಲ್ಫ್ ಹೊಡೆದು ನೋಡಿ. ಅದಾದ ಮೇಲೂ ಎತ್ತದಿದ್ದರೆ ಅಂಗಡಿಗೆ ಹೋಗಿ. ಸ್ಟಿಕ್ಕರಿನಲ್ಲಿ ಸಿಸಿಎ ಕಾಣದಿದ್ದರೆ ಕಂಪನಿಯ ಪಟ್ಟಿ ತೆಗೆಸಿ ನೋಡಿ.